ರಜೆಯಲ್ಲಿದ್ದವನ ರಕ್ತ

ಅತ್ತೆಯ ಎಡಗೈ ಉಗುರು ಮುಗಿದು, ಬಲಗೈ ಹೆಬ್ಬೆರಳಿಗೆ ನೇಲ್‌ಕಟರ್ ಇಟ್ಟಾಗಲೇ ಫೋನ್ ಬಂತು. ಮಂಗಳವಾರ, ಬೆಳಿಗ್ಗೆ ಎಂಟೂ ಹತ್ತು. ಠಾಣೆಯಿಂದ ಹೆಡ್ ಕಾನ್‌ಸ್ಟೆಬಲ್.

“ಮೇಡಂ, ಬ್ಯಾಟರಿ ಕಾರ್ಖಾನೆ ಮ್ಯಾನೇಜರ್ ಬಂದು ಕೂತಿದ್ದಾರೆ. ಅಲ್ಲಿ ಯಾರೋ ರಕ್ತ ಜಾಸ್ತಿ ಕೊಟ್ಟಿದ್ದಾರಂತೆ.”

“ಜಾಸ್ತಿ ಕೊಟ್ಟಿದ್ದಕ್ಕೆ ಕಂಪ್ಲೇಂಟಾ?”

“ನಂಗೂ ತಲೆಬುಡ ಅರ್ಥ ಆಗ್ಲಿಲ್ಲ ಮೇಡಂ.”

ಇನ್ಸ್‌ಪೆಕ್ಟರ್ ಎದ್ದಳು. ಅತ್ತೆ ಬಲಗೈ ಎತ್ತಿ ತೋರಿಸಿದರು. “ಇದೊಂದು ಕೈ ಬೆಕ್ಕಿಂದು ಅಂತ ಬಿಟ್ಟು ಹೋಗ್ತಿದೀಯೇನೇ?”

ದೂರು ಹೀಗಿತ್ತು. ಕಾರ್ಖಾನೆಯಲ್ಲಿ ಆರು ತಿಂಗಳಿಗೊಮ್ಮೆ ಕೆಲಸಗಾರರ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷೆ ಮಾಡುತ್ತಾರೆ. ಪಟ್ಟಿಯಲ್ಲಿ ಇಪ್ಪತ್ತಮೂರು ಹೆಸರು. ಅವರಲ್ಲಿ ಸೀಸ ಕರಗಿಸುವ ಭಟ್ಟಿಯ ಮೇಸ್ತ್ರಿ ಕಾಲು ಮುರಿದುಕೊಂಡು ಮೂರು ತಿಂಗಳಿಂದ ರಜೆಯಲ್ಲಿದ್ದಾನೆ. ಆದರೂ ಲ್ಯಾಬಿಗೆ ಇಪ್ಪತ್ತಮೂರು ಜನರ ರಕ್ತ ಹೋಗಿತ್ತು. ಮೇಸ್ತ್ರಿಯ ಹೆಸರಿನ ಮುಂದೆ ಬಂದ ಅಂಕಿ ಐವತ್ತೆಂಟು. ಹಿಂದಿನ ಸಲ ಇಪ್ಪತ್ತೊಂದಿತ್ತು.

“ಮಂಚದ ಮೇಲೆ ಮಲಗಿದೋನಿಗೆ ಸೀಸ ಏರುತ್ತಾ ಮೇಡಂ?” ಮ್ಯಾನೇಜರ್ ಬೆವರು ಒರೆಸಿಕೊಂಡ. “ಕಂಪನಿ ಮರ್ಯಾದೆ ತೆಗೆಯೋಕೆ ಯಾರೋ ಮಾಡಿರೋ ಕಿತಾಪತಿ. ಹಿಡಿದು ಒಳಗೆ ಹಾಕಿ. ಆ ಸುಳ್ಳು ರಿಪೋರ್ಟ್ ರದ್ದಾಗ್ಬೇಕು.”

ಬೆಳಿಗ್ಗೆ 9.40ಕ್ಕೆ ಎಫ್‌ಐಆರ್ ದಾಖಲಾಯಿತು: ಬೇರೊಬ್ಬರ ಸೋಗು ಹಾಕಿದ್ದು, ಸುಳ್ಳು ಸಹಿ ಮಾಡಿದ್ದು. ಸಹಿ ಹಾಕುವಾಗ ಇನ್ಸ್‌ಪೆಕ್ಟರಿಗೆ ಏನೋ ಮುಜುಗರ. ಇಷ್ಟು ವರ್ಷ ನೋಡಿದ ಪ್ರಕರಣಗಳಲ್ಲೆಲ್ಲ ಏನಾದರೊಂದು ಕಳೆದಿರುತ್ತಿತ್ತು. ಇಲ್ಲಿ ಒಂದು ಹೆಚ್ಚಿಗೆ ಸಿಕ್ಕಿದೆ. ಸ್ವಂತ ರಕ್ತವನ್ನು ಇನ್ನೊಬ್ಬನ ಹೆಸರಿಗೆ ಕೊಟ್ಟು ಯಾರಿಗೆ ಏನು ಲಾಭ?

ಮೇಸ್ತ್ರಿಯ ಮನೆಯಲ್ಲಿ ಅವನಿಗಿಂತ ಮೊದಲು ಅವನ ಹೆಂಡತಿಯೇ ಉತ್ತರ ಕೊಟ್ಟಳು. “ಬಚ್ಚಲಿಗೆ ಹೋಗೋಕೂ ನಾನು ಹೆಗಲು ಕೊಡ್ಬೇಕು. ಇವರು ರಕ್ತ ಕೊಡೋಕೆ ಹಾರ್ಕೊಂಡು ಹೋದ್ರಾ?”

11.30ಕ್ಕೆ ಲ್ಯಾಬಿನಲ್ಲಿ, ಅಂದು ಕಾರ್ಖಾನೆಗೆ ಹೋಗಿ ರಕ್ತ ತೆಗೆದಿದ್ದ ಟೆಕ್ನಿಷಿಯನ್‌ನ ವಿಚಾರಣೆ.

“ಮುಖ ನೋಡ್ಲಿಲ್ವಾ?”

“ಎಲ್ರೂ ಟೋಪಿ, ಮಾಸ್ಕು, ನೀಲಿ ಅಂಗಿ ಪ್ಯಾಂಟು. ಹೆಸರು ಕರೀತೀನಿ, ಕೈ ಚಾಚ್ತಾರೆ.”

“ಆ ಕೈ ಹೇಗಿತ್ತು?”

ಅವನು ಕಣ್ಣು ಮುಚ್ಚಿ ಯೋಚಿಸಿದ. “ಬೆರಳ ತುದಿ ನೀರಲ್ಲಿ ನೆನೆದು ಸುಕ್ಕಾಗಿತ್ತು. ಅಂಗಿ ಗರಿಗರಿ ಇಸ್ತ್ರಿ. ಶಿಫ್ಟ್ ನಡುವೆ ಎದ್ದು ಬಂದೋರ ಅಂಗಿ ಹಾಗಿರಲ್ಲ ಮೇಡಂ.”

ರಕ್ತ ಕೊಟ್ಟವರ ಸಹಿ ಪುಸ್ತಕವನ್ನು ವಶಕ್ಕೆ ತೆಗೆದುಕೊಂಡರು. ಇಪ್ಪತ್ತೆರಡು ಸಹಿಗಳು ಕಾಗೆಕಾಲು ಗುಬ್ಬಿಕಾಲು. ಒಂದು ಮಾತ್ರ ದುಂಡಗೆ, ಪೂರ್ತಿ ಹೆಸರು.

ಅಲ್ಲಿಂದ ಕಾರ್ಖಾನೆಗೆ ಹೋಗಿ ಆಕೆ ಮ್ಯಾನೇಜರನ್ನು ಕೇಳಿದಳು. “ಬಟ್ಟೆ ಒಗೆಯೋ ಕೋಣೇಲಿ ಯಾರಿದ್ದಾರೆ?”

“ಅಲ್ಲಿ ಯಾರೂ ಇಲ್ಲ ಮೇಡಂ. ಬಟ್ಟೆ ಅಕ್ಕ ಒಬ್ಬಳಿರ್ತಾಳೆ, ಅಷ್ಟೆ.”

ಭಟ್ಟಿಯ ಹಿಂದಿನ ಕೋಣೆ, ಒಂದೇ ಕಿಟಕಿ. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ನೀಲಿ ಅಂಗಿಯ ಹೆಗಲು ಹಿಡಿದು ಪಟಪಟನೆ ಕೊಡವುತ್ತಿದ್ದಳು. ಕಿಟಕಿಯ ಬೆಳಕಿನಲ್ಲಿ ಬೂದು ಪುಡಿ ನಿಧಾನವಾಗಿ ಇಳಿಯುತ್ತಿತ್ತು.

“ಒಣಗಿರುವಾಗ್ಲೇ ಯಾಕಮ್ಮಾ ಕೊಡವ್ತೀಯ?”

“ಪುಡಿ ಸಮೇತ ಹಾಕಿದ್ರೆ ಮಿಷನ್ ಪೈಪು ಕಟ್ಕೊಳ್ಳುತ್ತೆ. ಬಂದ ದಿನಾನೇ ಹೇಳಿಕೊಟ್ಟಿದ್ರು. ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ಕಟ್ಟಿಲ್ಲ, ಬೇಕಾದ್ರೆ ಕೇಳಿ.” ಮಾತಿನಲ್ಲಿ ಹೆಮ್ಮೆಯಿತ್ತು.

ಪ್ರತಿ ಅಂಗಿಯ ಕಾಲರಿನಲ್ಲೂ ಅಳಿಸದ ಶಾಯಿಯಲ್ಲಿ ಕೆಲಸಗಾರನ ಹೆಸರು. ದುಂಡಗೆ, ಪೂರ್ತಿ. ಮೇಸ್ತ್ರಿಯ ಅಂಗಿಯನ್ನು ಇಬ್ಬರು ಪಂಚರ ಮುಂದೆ ಸಹಿ ಪುಸ್ತಕದ ಪಕ್ಕ ಇಟ್ಟು ಪಂಚನಾಮೆ ಬರೆದು ಮುಗಿಸಿದಾಗ 2.15.

“ಮೇಸ್ತ್ರಿ ಅಂಗಿ ಪ್ಯಾಂಟು ಹಾಕ್ಕೊಂಡು ಸಾಲಲ್ಲಿ ನಿಂತೋಳು ನೀನಾ?”

“ಹೌದು.” ಬಟ್ಟೆ ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. “ಆದ್ರೆ ಕೊಟ್ಟಿದ್ದು ನನ್ನ ರಕ್ತಾನೇ. ಕದ್ದಿದ್ದಲ್ಲ.”

“ಯಾಕೆ ಕೊಟ್ಟೆ?”

“ದೊಡ್ಡಾಸ್ಪತ್ರೇಲಿ ಕಿಡ್ನಿ ಮೂರಲ್ಲಿ ಒಂದು ಪಾಲು ಮಾತ್ರ ಕೆಲ್ಸ ಮಾಡ್ತಿದೆ ಅಂದ್ರು. ಸಕ್ಕರೆ ಕಾಯಿಲೆ ಇಲ್ಲ, ಕಲ್ಲಿಲ್ಲ, ಯಾಕೆ ಹೀಗಾಯ್ತೋ ಗೊತ್ತಿಲ್ಲ ಅಂದ್ರು. ಸೀಸ ಮುಟ್ತೀಯಾ, ವರ್ಷಾನುಗಟ್ಟಲೆ ಒಳಗೆ ಸೇರಿದ್ರೆ ಸದ್ದಿಲ್ದೆ ಕಿಡ್ನಿ ತಿನ್ನುತ್ತೆ ಅಂದ್ರು. ಇಲ್ಲ ಸಾರ್, ನಾನು ಬಟ್ಟೆ ಮುಟ್ತೀನಿ ಅಂದೆ.” ಅವಳು ಕೊಡವಿಟ್ಟ ಅಂಗಿಗಳ ಕಡೆ ನೋಡಿದಳು. “ಮನೆಗೆ ಹೋದ್ಮೇಲೆ ಹೊಳೀತು.”

“ಇಲ್ಲಿ ಹೇಳ್ಬೇಕಿತ್ತು.”

“ಹೇಳ್ದೆ. ನಿಂದು ಕ್ಲೀನ್ ಕೆಲ್ಸ, ಪಟ್ಟೀಲಿ ಬರಲ್ಲ ಅಂದ್ರು. ಮೇಸ್ತ್ರಿ ಹೆಸರು ಹೆಂಗೂ ರಜದಲ್ಲಿ ಸುಮ್ನೆ ಕೂತಿತ್ತು. ರಿಪೋರ್ಟ್ ಬೋರ್ಡಿಗೆ ಅಂಟಿಸ್ತಾರೆ, ಓದ್ಕೊಂಡು ಬಿಡೋಣ ಅಂತ.” ಇನ್ಸ್‌ಪೆಕ್ಟರ್ ಕಡೆ ತಿರುಗಿ ಕೇಳಿದಳು: “ಈ ಸಲ ಅಂಟಿಸ್ಲೇ ಇಲ್ಲ. ಎಷ್ಟು ಬಂತು ಮೇಡಂ?”

ಮ್ಯಾನೇಜರಿಗೆ ಗೊತ್ತಿತ್ತು, ಲ್ಯಾಬಿಗೆ ಗೊತ್ತಿತ್ತು, ಕಡತದಲ್ಲೂ ಇತ್ತು. ರಕ್ತ ಕೊಟ್ಟವಳಿಗೆ ಮಾತ್ರ ಗೊತ್ತಿರಲಿಲ್ಲ.

“ಐವತ್ತೆಂಟು.”

“ಅದು ಜಾಸ್ತಿನಾ?”

“ಜಾಸ್ತಿನೇ ಅಕ್ಕ.”

ಅಕ್ಕ ಎಂದದ್ದು ಇನ್ಸ್‌ಪೆಕ್ಟರಿಗೇ ತಡವಾಗಿ ಕೇಳಿಸಿತು.

“ಹಂಗಾದ್ರೆ ಆ ಚೀಟಿ ಕೊಡಿ, ಡಾಕ್ಟ್ರಿಗೆ ತೋರಿಸ್ತೀನಿ.”

“ಅದರಲ್ಲಿ ಮೇಸ್ತ್ರಿ ಹೆಸರಿದೆ. ನಿಂಗೆ ನಡೆಯಲ್ಲ.”

ಬಟ್ಟೆ ಅಕ್ಕನಿಗೆ ಇದು ತೋಚಿಯೇ ಇರಲಿಲ್ಲ.

ಸಂಜೆ 4.20ಕ್ಕೆ ಬಂಧನ ದಾಖಲಾಯಿತು. ಮ್ಯಾನೇಜರ್ ಫೋನ್ ಮಾಡಿ ಮೆಚ್ಚಿಕೊಂಡ. ಇವತ್ತಿನಿಂದಲೇ ಅವಳನ್ನು ಕೆಲಸದಿಂದ ತೆಗೆದಿದ್ದೇವೆ ಎಂದೂ ಹೇಳಿದ. ಹೇಳಿಕೆಯ ಕೊನೆಗೆ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಒಂದೇ ಸಾಲು ಬರೆದಳು: ತನ್ನ ಕಾಯಿಲೆಯ ಕಾರಣ ತಿಳಿದುಕೊಳ್ಳುವುದು. ಬರೆದ ಮೇಲೂ ಮನಸ್ಸು ತಿಳಿಯಾಗಲಿಲ್ಲ. ಕಾನೂನಿನ ಪ್ರಕಾರ ಎಲ್ಲ ಸರಿಯಿತ್ತು, ಆದರೆ ಎಲ್ಲೋ ಗುಂಡಿ ತಪ್ಪಿ ಹಾಕಿದ ಅಂಗಿಯಂತಿತ್ತು.

ಬಂಧಿತರನ್ನು ಸರ್ಕಾರಿ ವೈದ್ಯರ ಬಳಿ ಕಳಿಸುವ ಪತ್ರವನ್ನು ಹೆಡ್ ಕಾನ್‌ಸ್ಟೆಬಲ್ ಎಂದಿನಂತೆ ತುಂಬಿ ತಂದಿಟ್ಟ. ಮೈಮೇಲೆ ಗಾಯಗಳಿವೆಯೇ ಪರೀಕ್ಷಿಸಿ ವರದಿ ನೀಡುವುದು. ಆಕೆ ಅವನನ್ನು ಜೀಪ್ ತೆಗೆಯಲು ಕಳಿಸಿದಳು. ಪೆನ್ನು ತೆರೆದು, ಪೊಲೀಸ್ ಭಾಷೆಯಲ್ಲೇ ಇನ್ನೊಂದು ಸಾಲು ಸೇರಿಸಿದಳು: ಬಂಧಿತೆಯ ರಕ್ತದಲ್ಲಿನ ಸೀಸದ ಪ್ರಮಾಣ ಹಾಗೂ ಮೂತ್ರಪಿಂಡದ ಸ್ಥಿತಿ ತನಿಖೆಗೆ ಅಗತ್ಯವಿದ್ದು, ಪರೀಕ್ಷಿಸಿ ವರದಿ ನೀಡಬೇಕು, ಒಂದು ಪ್ರತಿಯನ್ನು ಬಂಧಿತೆಗೂ ಕೊಡಬೇಕು. ಹೆಸರಿನ ಜಾಗದಲ್ಲಿ ಬಟ್ಟೆ ಅಕ್ಕನ ಹೆಸರನ್ನು ಪೂರ್ತಿ ಬರೆದಳು.

ಲಕೋಟೆ ತೆಗೆದುಕೊಂಡ ಮಹಿಳಾ ಕಾನ್‌ಸ್ಟೆಬಲ್ ಕೇಳಿದಳು, “ಡಾಕ್ಟ್ರಿಗೆ ಏನಾದ್ರೂ ವಿಶೇಷ ಹೇಳ್ಬೇಕಾ ಮೇಡಂ?”

“ಏನಿಲ್ಲ,” ಎಂದಳು ಆಕೆ. “ಮಾಮೂಲಿ.”