ಎಡಗಡೆಯ ನಲ್ಲಿ

ಅಕ್ಟೋಬರ್ ಮೊದಲ ಶನಿವಾರ ಮಧ್ಯಾಹ್ನ ಮೂರು ನಲವತ್ತಕ್ಕೆ ನೊರೀನ್ ಪ್ಯಾಸ್ಕೊ ಕಡಲಂಚಿನ ತನ್ನ ರಜಾಮನೆಯ ಬಾಗಿಲು ತಳ್ಳಿದಳು. ಅಡಿಗೆಮನೆಯಲ್ಲಿ ಅವಳೆಂದೂ ಕಾಣದ ಐದು ಜನ ನಿಂತಿದ್ದರು. ಅವರಲ್ಲಿಬ್ಬರು ಬಾಯಲ್ಲಿದ್ದ ಚಹಾವನ್ನು ಸಿಂಕಿಗೆ ಉಗುಳುತ್ತಿದ್ದರು.

ನಾಲ್ಕು ಗಂಟೆಗೆ ಅವಳು ಡೆಸ್ ಕೆರ್ನಿಕ್‌ನ ಗಾಳದ ಅಂಗಡಿಯಲ್ಲಿದ್ದಳು. ಬಂದದ್ದು ಡೆಸ್‌ನನ್ನು ಹುಡುಕಿಕೊಂಡಲ್ಲ, ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ಮರ್ಲ್ ಟ್ರೆಜೈಸ್‌ಳನ್ನು. ಮರ್ಲ್ ಮೂವತ್ತೊಂದು ವರ್ಷ ಪೋರ್ಟ್ ಕ್ಯಾರೊದ ಅಂಚೆ ಕಚೇರಿ ನಡೆಸಿ ನಿವೃತ್ತಳಾದವಳು. ಪೊಲೀಸ್ ಠಾಣೆ ನಲವತ್ತು ಕಿಲೋಮೀಟರ್ ದೂರವಿದ್ದುದರಿಂದ ಊರಿನ ತಂಟೆತಕರಾರೆಲ್ಲ ಮೊದಲು ಬರುತ್ತಿದ್ದುದು ಆ ಬೆಂಚಿಗೆ.

"ಮರ್ಲ್, ನನ್ ಮನೇನ ಯಾರೋ ಬಾಡಿಗೆಗೆ ಕೊಟ್ಬಿಟ್ಟಿದಾರೆ ಕಣೆ! ಯಾವ ಬಾಡಿಗೆ ಜಾಲತಾಣಕ್ಕೆ ಹಾಕ್ಲಿ ಅಂತ ನಾನಿನ್ನೂ ಯೋಚ್ನೆ ಮಾಡ್ತಾನೇ ಇದೀನಿ!"

"ಒಂದು ತಿಂಗಳಿಂದ ಯೋಚ್ನೆ ಮಾಡ್ತಿದೀಯ. ಯಾರಿಗೋ ತಡ್ಕೊಳ್ಳಕ್ಕಾಗ್ಲಿಲ್ಲ ಅನ್ಸತ್ತೆ" ಎಂದಳು ಮರ್ಲ್. "ಲೋ ಡೆಸ್, ಗಾಡಿ ತೆಗಿ."

ಮನೆಯಲ್ಲಿದ್ದವರು ಅಡಿಲೇಡ್‌ನ ಶಾಲಾ ಮಾಸ್ತರ ಆಂಟನ್ ಬಿಷಪ್, ಅವನ ಹೆಂಡತಿ, ಮೂವರು ಮಕ್ಕಳು. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. ದೊಡ್ಡ ಬಾಡಿಗೆ ತಾಣದಲ್ಲಿ ನೊರೀನ್ ಹೆಸರಿನಲ್ಲೇ ಜಾಹೀರಾತಿತ್ತು. ಚಿತ್ರಗಳು ನಾಲ್ಕು, ನಾಲ್ಕೂ ಮನೆಯ ಹೊರಗಿನವು. ಬೀಗದಕೈ ಅಂಗಳದಲ್ಲಿ ಮೀನು ಕೊಯ್ಯುವ ಮೇಜಿನ ಅಡಿಯ ಮೊಳೆಯಲ್ಲಿದೆ ಎಂದು ತಾಣದ ಮೂಲಕ ಸಂದೇಶ ಬಂದಿತ್ತು. ಅಲ್ಲೇ ಸಿಕ್ಕಿತ್ತು.

"ಎಲ್ಲ ಸರಿ ಇತ್ತಮ್ಮ, ಚಹಾ ಒಂದು ಬಿಟ್ಟು" ಎಂದ ಆಂಟನ್.

ಮರ್ಲ್ ಅವನ ಲೋಟದಿಂದ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದಳು. "ಸವಳು ನೀರು! ಯಾವ ನಲ್ಲಿ ತಿರುಗ್ಸಿದ್ರಿ?"

"ಎಡಗಡೇದು. ಕುಡಿಯೋ ಮಳೆನೀರಿನ ನಲ್ಲಿ ಎಡಗಡೆ ಅಂತ ಜಾಹೀರಾತಲ್ಲೇ ಬರೆದಿತ್ತು."

"ಬಲಗಡೆ ಕಣ್ರೀ!" ನೊರೀನ್ ತಲೆ ಚಚ್ಚಿಕೊಂಡಳು. "ಮಾರ್ಚಿನಲ್ಲಿ ಹೊಸ ಸಿಂಕ್ ಕೂರ್ಸಿದ ಮೇಲೆ ಎಡಗಡೆ ಕೊಳವೆಬಾವಿ ನೀರು." ಆಮೇಲೆ ದನಿ ತಗ್ಗಿಸಿ ಮರ್ಲ್‌ಳ ಕಡೆ ತಿರುಗಿದಳು. "ಆ ಮೊಳೆ ವಿಷಯ ಗೊತ್ತಿರೋದು ನನಗೆ ಮತ್ತೆ ಮರೀಲುಗೆ ಮಾತ್ರ. ಹೇಳಕ್ಕೂ ಸಂಕಟ ಆಗತ್ತೆ."

ಅಷ್ಟರಲ್ಲಿ ಬಕೆಟ್ ಹಿಡಿದ ಮರೀಲು ಬಾಗಿಲಲ್ಲಿದ್ದಳು. ಪ್ರತಿ ಶನಿವಾರ ಬಂದು ಮನೆ ಒರೆಸುತ್ತಿದ್ದ ಆಕೆ ಸೆಬು ದ್ವೀಪದಿಂದ ಬಂದು ಈ ಊರಲ್ಲಿ ನೆಲೆಸಿ ಹನ್ನೆರಡು ವರ್ಷವಾಗಿತ್ತು. ಮಾತು ಕಿವಿಗೆ ಬಿದ್ದಿತ್ತು. ಬಕೆಟ್ ಕೆಳಗಿಟ್ಟಳು.

"ಇನ್ನೂ ಏಳು ಮನೆ ಬೀಗದಕೈ ನನ್ನ ಹತ್ರ ಇದೆ, ನೊರೀನ್. ಈ ಮಾತು ಹಬ್ಬಿದ್ರೆ ಯಾರೂ ನನ್ನ ಒಳಗೆ ಬಿಟ್ಕೊಳ್ಳಲ್ಲ."

ಡೆಸ್‌ಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ತಾಣದ ವಿಷಯ ಯಾರ್ಯಾರನ್ನ ಕೇಳಿದ್ದೆ, ನೊರೀನ್?" ಎಂದಳು ಮರ್ಲ್.

ಮೂವರನ್ನು ಕೇಳಿದ್ದಳು. ಫೋನ್ ಮಾಡಿದರೆ ಮನುಷ್ಯರೇ ಎತ್ತುತ್ತಾರೆ, ಸುತ್ತಲ ಊರುಗಳವರೇ ನಡೆಸುವ ಸಣ್ಣ ತಾಣವೇ ಸಾಕು ಎಂದಿದ್ದಳು ಮರೀಲು. ಮನೆ ವ್ಯವಹಾರದ ದಲ್ಲಾಳಿ ಕ್ರೇಗ್ ವೆನಿಂಗ್ ದೊಡ್ಡ ತಾಣವೇ ಆಗಬೇಕೆಂದಿದ್ದ. ನೊರೀನ್‌ಳ ಮೈದುನ ಲ್ಯಾನ್ಸ್ ಮಾತ್ರ ಯಾವುದೂ ಬೇಡ ಎಂದಿದ್ದ. ನೊರೀನ್‌ಳ ಗಂಡ, ಲ್ಯಾನ್ಸ್‌ನ ಅಣ್ಣ ಬ್ರಯನ್ ತೀರಿಕೊಂಡದ್ದು ಅದೇ ವರ್ಷದ ಫೆಬ್ರವರಿಯಲ್ಲಿ.

ಮರ್ಲ್ ಮತ್ತು ಡೆಸ್ ಹೋದಾಗ ಕ್ರೇಗ್ ತನ್ನ ಕಚೇರಿಯಲ್ಲಿ ನೊರೀನ್ ಮನೆಯ ನಲವತ್ತಾರು ಚಿತ್ರಗಳನ್ನು ಮುಂದೆ ಹರಡಿದ. ಎಲ್ಲವೂ ಏಪ್ರಿಲ್‌ನಲ್ಲಿ ಮನೆಯ ಬೆಲೆ ಕಟ್ಟಲು ಹೋದಾಗ ತಾನೇ ತೆಗೆದವು, ಕೋಣೆ ಕೋಣೆಯವು. "ನಾನೇ ಹಾಕೋದಾಗಿದ್ರೆ ಇವನ್ನೆಲ್ಲ ಬಿಟ್ಟು ಬರೀ ಗೋಡೆ ತೋರಿಸ್ತಿದ್ನಾ, ಮರ್ಲ್? ನನ್ನ ಮಾನ ಏನಾಗ್ಬೇಕು?"

ಏಡಿ ಹಿಡಿಯುವ ಲ್ಯಾನ್ಸ್ ದಡದಲ್ಲಿ ದೋಣಿ ಎಳೆಯುವ ಹಳೇ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಮರೀಲು ಮೇಲೆ ಅನುಮಾನ ಬಂದದ್ದನ್ನು ಮರ್ಲ್ ಹೇಳಿದಾಗ, ಆ ಮೊಳೆ ಹೊಡೆದದ್ದು ತನ್ನಪ್ಪ ಎಂದು ತಾನಾಗಿಯೇ ಹೇಳಿದ. ನಾಳೆ ಬೆಳಿಗ್ಗೆ ಹತ್ತಕ್ಕೆ ನೊರೀನ್ ಮನೆಗೆ ಬಾ ಎಂದು ಮರ್ಲ್ ಕರೆದರೆ, "ಬರ್ತೀನಿ, ಜಗಲೀಲಿ ಕೂತ್ಕೋತೀನಿ. ಬೂಟೆಲ್ಲ ಒದ್ದೆ" ಎಂದ.

"ನಾಳೆ ಬೂಟು ಒದ್ದೆ ಅಂತ ಇವತ್ತೇ ಹೆಂಗೆ ಗೊತ್ತು ಇವನಿಗೆ?" ಎಂದು ಡೆಸ್ ಗಾಡಿಯಲ್ಲಿ ನಕ್ಕ. ಮರ್ಲ್ ನಗಲಿಲ್ಲ.

ಬಿಷಪ್ ಸಂಸಾರವನ್ನು ನೊರೀನ್ ಆ ರಾತ್ರಿ ಅಲ್ಲೇ ಉಳಿಸಿಕೊಂಡಳು. ಭಾನುವಾರ ಹತ್ತಕ್ಕೆ ಮಕ್ಕಳು ದಡಕ್ಕೆ ಹೋಗಿದ್ದರು, ಕ್ರೇಗ್, ಮರೀಲು ಸೇರಿದಂತೆ ದೊಡ್ಡವರೆಲ್ಲ ಅಡಿಗೆಮನೆಯಲ್ಲಿ ಸೇರಿದ್ದರು. ಲ್ಯಾನ್ಸ್ ಹೊಸ್ತಿಲಾಚೆ ಒಳಗಡೆಗೆ ಬೆನ್ನು ಮಾಡಿ ನಿಂತಿದ್ದ. ಬೂಟು ಒಣಗಿತ್ತು.

"ಮೊದ್ಲು ಚಹಾ. ಮರೀಲು, ಕೆಟಲ್ ತುಂಬ್ಸಮ್ಮ" ಎಂದಳು ಮರ್ಲ್.

ಮರೀಲು ಬೇರೆಲ್ಲೋ ನೋಡುತ್ತ ಬಲಗಡೆಯ ನಲ್ಲಿ ತಿರುಗಿಸಿದಳು. ಮರ್ಲ್ ಆ ನೀರನ್ನು ಚೆಲ್ಲಿ ಕೆಟಲನ್ನು ಕ್ರೇಗ್‌ಗೆ ಕೊಟ್ಟಳು. ಅವನದೂ ಬಲಗಡೆ.

"ಮಳೆನೀರು ಚೆಲ್ತೀಯಲ್ಲೇ!" ಎಂದು ಡೆಸ್ ಗೊಣಗಿದ.

"ಈಗ ನೀನು ಬಾ, ಲ್ಯಾನ್ಸ್."

ಲ್ಯಾನ್ಸ್ ಬಹಳ ಹೊತ್ತಿನ ಮೇಲೆ ಒಳಗೆ ಕಾಲಿಟ್ಟ. ಯಾರ ಮುಖವನ್ನೂ ನೋಡದೆ ಸಿಂಕಿನ ಬಳಿ ಹೋಗಿ ಎಡಗಡೆಯ ನಲ್ಲಿ ತಿರುಗಿಸಿದ.

"ಜಾಹೀರಾತು ಬರೆದೋರಿಗೆ ಈ ಮನೆ ಚೆನ್ನಾಗಿ ಗೊತ್ತು, ಆದ್ರೆ ಮಾರ್ಚಿನಿಂದೀಚೆ ಒಳಗೆ ಬಂದಿಲ್ಲ" ಎಂದಳು ಮರ್ಲ್ ಮೆಲ್ಲಗೆ. "ಮರೀಲು ವಾರವಾರ ಇಲ್ಲಿ ಚಹಾ ಕಾಯಿಸ್ತಾಳೆ, ತಪ್ಪು ಬರೆಯೋಳಲ್ಲ. ಕ್ರೇಗ್ ಏಪ್ರಿಲ್‌ನಲ್ಲಿ ಬಂದು ನಲ್ಲಿ ತಿರುಗ್ಸಿ ನೋಡಿದಾನೆ. ಚಿತ್ರ ಎಲ್ಲ ಹೊರಗಿನವು, ಯಾಕಂದ್ರೆ ತೆಗೆದೋನು ಹೊಸ್ತಿಲು ದಾಟ್ಲಿಲ್ಲ. ಮೊಳೆ ಹೊಡೆದದ್ದು ನಿಮ್ಮಪ್ಪ. ಅಣ್ಣ ಹೋದ ಮೇಲೆ ನೀನು ಒಳಗೆ ಬಂದಿದ್ದು ಇವತ್ತೇ, ಅಲ್ವೇನೋ?"

ಕೆಟಲ್ ತುಂಬಿ ಹರಿಯುತ್ತಿತ್ತು. ಡೆಸ್ ಕೈಚಾಚಿ ನಲ್ಲಿ ನಿಲ್ಲಿಸಿದ.

"ಅಣ್ಣನ ಕುರ್ಚೀಲಿ ಯಾರ್ಯಾರೋ ಕೂತ್ಕೋತಾರೆ ಅಂತ..." ಲ್ಯಾನ್ಸ್ ಕೆಟಲನ್ನು ಸಿಂಕಿನಲ್ಲೇ ಬಿಟ್ಟು ಮೂಲೆಯ ಕುರ್ಚಿಯ ಕಡೆ ತಿರುಗಿದ. "ಹೇಳದೆ ಕೇಳದೆ ಒಂದ್ಸಲ ಯಾರಾದ್ರೂ ಬಂದು ನಿಂತ್ರೆ ನೀನೇ ಹೆದರಿ ಬಾಡಿಗೆ ಆಸೆ ಬಿಡ್ತೀಯ ಅಂದ್ಕೊಂಡೆ, ನೊರೀನ್. ಇವರ ದುಡ್ಡು ಮುಟ್ಟಿಲ್ಲ, ವಾಪಸ್ ಹೋಗತ್ತೆ. ಮರೀಲು ತಲೆಗೆ ಬರತ್ತೆ ಅಂತ ದೇವರಾಣೆ ಹೊಳೀಲಿಲ್ಲ."

"ನಿನ್ನೆ ಸಂಜೆಯಿಂದ ಗೊತ್ತಿತ್ತಲ್ಲ?" ಎಂದಳು ಮರೀಲು.

ಲ್ಯಾನ್ಸ್ ತಲೆ ತಗ್ಗಿಸಿದ. "ಹೌದು. ತಪ್ಪಾಯ್ತಮ್ಮ. ಆ ಏಳು ಮನೆಗೂ ಹೋಗಿ ನಾನೇ ಹೇಳ್ತೀನಿ."

"ನಾನೂ ಬರ್ತೀನಿ" ಎಂದಳು ನೊರೀನ್. "ಮೊದ್ಲು ಆ ಮಾತು ತೆಗೆದೋಳು ನಾನು. ನನ್ನ ಕ್ಷಮಿಸ್ತೀಯಾ, ಮರೀಲು?"

ಮರೀಲು ಕೆಟಲನ್ನು ಖಾಲಿ ಮಾಡಿ ಲ್ಯಾನ್ಸ್‌ನ ಕೈಗಿಟ್ಟಳು. "ಚಹಾ ಕುಡಿದು ಹೊರಡೋಣ. ಬಲಗಡೇದು ತಿರುಗ್ಸು."

ನೊರೀನ್ ಆಂಟನ್‌ನನ್ನೂ ಕೇಳಿದಳು: "ನೀವು ಮನೆ ಹುಡುಕೋರು. ಯಾವ ತಾಣ ಅಂತೀರಿ?"

"ನಿನ್ನೆ ಸಂಜೆ ದೊಡ್ಡ ತಾಣಕ್ಕೆ ಆರು ಸಲ ಫೋನ್ ಮಾಡ್ದೆ, ಯಾರೂ ಎತ್ತಲಿಲ್ಲ" ಎಂದ ಆಂಟನ್. "ಎತ್ತೋರಿಗೆ ಕೊಡಿ."

ಅಂದೇ ಮಧ್ಯಾಹ್ನದೊಳಗೆ ಏಳೂ ಮನೆಗಳಿಗೆ ಸುದ್ದಿ ಮುಟ್ಟಿತು. ಒಂದು ಬೀಗದಕೈಯೂ ಮರೀಲು ಬಳಿಯಿಂದ ವಾಪಸಾಗಲಿಲ್ಲ. ಬುಧವಾರ ನೊರೀನ್ ಮನೆಯನ್ನು ಸಣ್ಣ ತಾಣಕ್ಕೆ ಹಾಕಿದಳು. ಬ್ರಯನ್‌ನ ಕುರ್ಚಿ ಲ್ಯಾನ್ಸ್‌ನ ಮನೆಗೆ ಹೋಯಿತು.