ಹಗಲಿನ ಬ್ಯಾಕಪ್

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಮನುಷ್ಯ ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ವೆಲ್ಡಿಂಗ್ ಕೆಲಸದವನು; ಮುಂಗೈ ತುಂಬ ಕಿಡಿ ಹಾರಿದ ಕಲೆಗಳು. ಹಿಂದಿನ ಮಧ್ಯಾಹ್ನ ಹೆಂಡತಿಗೆ ಎದೆನೋವು ಬಂದಾಗ ಆಂಬುಲೆನ್ಸ್ ನಿಯಂತ್ರಣ ಕೊಠಡಿಗೆ ಕರೆ ಮಾಡಿದ್ದ. ಕರೆ ತಕ್ಷಣ ತೆಗೆದುಕೊಂಡಿದ್ದರು. ವಾಹನ ಹೊರಟದ್ದು ಇಪ್ಪತ್ತು ನಿಮಿಷದ ನಂತರ. ಅಷ್ಟರಲ್ಲಿ ಆಕೆ ತೀರಿಕೊಂಡಿದ್ದಳು.

"ಕಂಪ್ಯೂಟರ್ ನಿಂತೋಗಿತ್ತಂತೆ ಸಾರ್. ಅದು ತಾನಾಗೇ ನಿಲ್ಲುತ್ತಾ? ಯಾರು ನಿಲ್ಸಿದ್ರು, ಅಷ್ಟು ಹೇಳಿ ನನಗೆ."

ನಿರ್ಲಕ್ಷ್ಯದಿಂದ ಸಂಭವಿಸಿದ ಸಾವೆಂದು ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಮುಖ್ಯ ಪೇದೆಯೊಂದಿಗೆ ನಿಯಂತ್ರಣ ಕೊಠಡಿಗೆ ಹೋದರು.

ಗಾಜಿನ ಗೋಡೆಯಾಚೆ ಕರೆ ಸ್ವೀಕರಿಸುವವರ ಸಾಲು. ಈಚೆ ಸರ್ವರ್ ಕೋಣೆ. ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಆಂಬುಲೆನ್ಸ್ ಕರೆಗಳು, ಬೀದಿ ಕ್ಯಾಮೆರಾಗಳ ದೃಶ್ಯಗಳು, ಎರಡನ್ನೂ ಒಂದೇ ಸರ್ವರ್ ನಿಭಾಯಿಸುತ್ತಿತ್ತು. ಅದರ ಮೇಲ್ವಿಚಾರಕಿ ಮೂವತ್ತರ ಆಸುಪಾಸಿನ ಹೆಂಗಸು. ರಾತ್ರಿ ಹೊತ್ತು ಮಾಹಿತಿಯ ನಕಲು ತೆಗೆದಿಡುವ ಬ್ಯಾಕಪ್ ನೋಡಿಕೊಳ್ಳುವ ತಂತ್ರಜ್ಞ ಅವಳ ಅಕ್ಕನ ಗಂಡ. ಅವಳು ಭಾವ ಎನ್ನುತ್ತಾಳೆಂದು ಕಚೇರಿಯವರೆಲ್ಲ ಹಾಗೇ ಕರೆಯುತ್ತಿದ್ದರು.

"ಆಫೀಸಿಗೆಲ್ಲ ಒಬ್ಬರೇ ಭಾವನಾ?" ಮುಖ್ಯ ಪೇದೆ ಕೇಳಿದ.

"ಹೂಂ ಸಾರ್. ಹೆಣ್ಣು ಕೊಟ್ಟಿದ್ದು ನಮ್ಮನೆಯವರು, ಹಕ್ಕು ಮಾತ್ರ ಎಲ್ಲರದ್ದು."

ಅವಳು ಕಪ್ಪು ಪರದೆಯ ಮೇಲೆ ಪ್ರೊಸೆಸ್‌ಗಳ, ಅಂದರೆ ಸರ್ವರಿನಲ್ಲಿ ಓಡುತ್ತಿರುವ ಕೆಲಸಗಳ ಪಟ್ಟಿ ತೆರೆದಳು. "ದಿನಾ ನೋಡೋದು ಇದನ್ನೇ. ಯಾವುದೂ ಸರ್ವರಿನ ಶಕ್ತೀಲಿ ಶೇಕಡಾ ಎರಡು ದಾಟಿಲ್ಲ."

"ಬಿಡಿಬಿಡಿಯಾಗಿ ನೋಡಿದ್ರೆ ಜೇಬುಗಳ್ಳರೂ ಸಭ್ಯಸ್ಥರೇ," ಎಂದರು ಇನ್‌ಸ್ಪೆಕ್ಟರ್. "ಯಾರು ಯಾರ ಕಡೆಯವರು ಅಂತ ಕೂಡಿಸಿ ನೋಡೋಕೆ ಬರಲ್ವಾ?"

"ಬರುತ್ತೆ."

"ಮತ್ಯಾಕೆ ನೋಡಿಲ್ಲ?"

"ಮೇಲಿನ ಹತ್ತು ಸಾಲು ಸರಿ ಇದ್ರೆ ಮುಗೀತು ಅನ್ನೋದು ಇಲ್ಲಿನ ಅಭ್ಯಾಸ."

ಅವಳು ಇನ್ನೊಂದು ಆದೇಶ ಟೈಪಿಸಿದಳು. ಈಗ ಬಂದದ್ದು ಗುಂಪುಗಳ ಪಟ್ಟಿ: ಪ್ರತಿ ಗುಂಪಿನಲ್ಲಿ ಎಷ್ಟು ಪ್ರೊಸೆಸ್, ಒಟ್ಟು ಎಷ್ಟು ಸಿಪಿಯು ಶಕ್ತಿ, ಎಷ್ಟು ಮೆಮೊರಿ. ಸಿಪಿಯು ಕಾಲಮ್ಮಿನಲ್ಲಿ ಬರೀ ಅಡ್ಡಗೆರೆಗಳಿದ್ದವು.

"ಖಾಲಿ ಇದೆಯಲ್ಲಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಎರಡು ಸಲ ಅಳೆದ ಮೇಲೇ ಬಳಕೆ ಗೊತ್ತಾಗೋದು ಸಾರ್. ಒಂದು ಕ್ಷಣ."

ಸಾಲುಗಳು ಹೊಸದಾಗಿ ಜೋಡಿಕೊಂಡವು. ಆಂಬುಲೆನ್ಸ್ ಕರೆಗಳ ಗುಂಪು ಕೆಳಗೆಲ್ಲೋ ಇತ್ತು. ಎಲ್ಲಕ್ಕಿಂತ ಮೇಲೆ ಬ್ಯಾಕಪ್. ಅದರೊಳಗೆ ನೂರಕ್ಕೂ ಹೆಚ್ಚು ಸಣ್ಣ ಪ್ರೊಸೆಸ್‌ಗಳು. ಸರ್ವರಿನ ಬಹುಪಾಲು ಶಕ್ತಿ ಅಲ್ಲಿಗೇ ಹೋಗುತ್ತಿತ್ತು.

"ಬ್ಯಾಕಪ್ ಹಗಲು ಓಡಲ್ಲ," ಎಂದಳು. ದನಿ ಇಳಿದಿತ್ತು.

ಇನ್‌ಸ್ಪೆಕ್ಟರ್ ಆ ಗುಂಪನ್ನು ಬಿಡಿಸಿ ತೋರಿಸಲು ಹೇಳಿದರು. ಪ್ರತಿ ಪ್ರೊಸೆಸ್ಸಿನ ಮುಂದೆ ಒಂದೊಂದು ಬೀದಿ ಕ್ಯಾಮೆರಾದ ಸಂಖ್ಯೆ. ದೃಶ್ಯದಲ್ಲಿನ ಮುಖಗಳೊಂದಿಗೆ ಹೋಲಿಸಬೇಕಾದ ಫೋಟೊ ಮಾತ್ರ ಎಲ್ಲದಕ್ಕೂ ಒಂದೇ. ಅದರ ಹೆಸರು ಚಿನ್ನಿ.

"ಯಾರಿದು ಚಿನ್ನಿ?"

"ನಮ್ಮಕ್ಕನ ಮಗಳು ಸಾರ್. ಕಾಣೆಯಾಗಿ ತಿಂಗಳಾಗ್ತಾ ಬಂತು."

ಮುಖ್ಯ ಪೇದೆ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದುಕೊಂಡು, ಭಾವನನ್ನು ಒಳಗೆ ಕರೆತಂದ.

"ಇದನ್ನ ನಡೆಸ್ತಿರೋದು ನೀವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹೌದು."

"ಬ್ಯಾಕಪ್ ಗುಂಪಿಗೇ ಯಾಕೆ ಸೇರಿಸಿದ್ರಿ?"

"ಅದಕ್ಕೆ ಮಿತಿ ಹಾಕಿಲ್ಲ. ಎಷ್ಟು ತಿಂದ್ರೂ ಯಾರೂ ಕೇಳಲ್ಲ."

"ಕರೆಗಳಿಗೆ ತೊಂದರೆ ಆಗುತ್ತೆ ಅಂತ ಗೊತ್ತಿರಲಿಲ್ವಾ?"

"ಸ್ವಲ್ಪ ನಿಧಾನ ಆಗುತ್ತೆ ಅಂದ್ಕೊಂಡಿದ್ದೆ. ನಿನ್ನೆಯಿಂದ ಜಾಸ್ತಿ ಕ್ಯಾಮೆರಾ ಹಾಕಿದೆ. ತಿಂಗಳಾದ್ರೆ ದೃಶ್ಯಗಳು ತಾವಾಗೇ ಅಳಿಸಿಹೋಗ್ತವೆ. ಚಿನ್ನಿ ಕಾಣೆಯಾದ ದಿನದ್ದು ಇವತ್ತು ಹೋಗುತ್ತೆ. ಉಳಿಸಿಡೋಕೆ ಮೇಲಿನವರ ಅನುಮತಿ ಬೇಕು."

"ಪೊಲೀಸರಿಗೆ ಹೇಳಬೇಕಿತ್ತು."

"ಹೇಳಿದ್ದೆ. ನಿಮ್ಮ ಠಾಣೇಲೇ. ಅಷ್ಟು ಕ್ಯಾಮೆರಾ ನೋಡೋಕೆ ಜನ ಎಲ್ಲಿದ್ದಾರೆ ಅಂದ್ರು."

ಮುಖ್ಯ ಪೇದೆ ಬಕೆಟ್ಟಿನ ಕಡೆ ನೋಡಿದ.

ಗಾಜಿನಾಚೆಯಿಂದ ಯಾರೋ ಕೂಗಿದರು. "ಮೇಡಂ, ಮತ್ತೆ ಹ್ಯಾಂಗ್! ಲೈನಲ್ಲಿ ಪೇಶೆಂಟ್ ಇದಾರೆ!"

ಮೇಲ್ವಿಚಾರಕಿಯ ಬೆರಳುಗಳು ಕೀಲಿಗಳ ಮೇಲಿದ್ದವು.

ಭಾವ ನಾದಿನಿಯ ಕಡೆ ತಿರುಗಿದ. "ಪುಟ್ಟಿ, ಒಂದು ಗಂಟೆ ಕೊಡು. ಒಂದೇ ಒಂದು."

"ಅಲ್ಲಿ ಯಾರೋ ಕಾಯ್ತಿದಾರೆ ಭಾವ."

ಇಡೀ ಗುಂಪನ್ನು ನಿಲ್ಲಿಸಲು ಒಂದು ಸಾಲು ಸಾಕಾಯಿತು. ಆಚೆ ಪರದೆಗಳು ಜೀವ ಪಡೆದವು. ಭಾವ ನೆಲದ ಮೇಲೆ ಕುಳಿತ.

ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಮುಗಿಸಿ ಸಂಜೆ ಐದಕ್ಕೆ ಅವನನ್ನು ಬಂಧಿಸಲಾಯಿತು. ಚಿನ್ನಿ ಕಾಣೆಯಾದ ದಿನದ ದೃಶ್ಯಗಳನ್ನು ಉಳಿಸಿಡುವಂತೆ ಇನ್‌ಸ್ಪೆಕ್ಟರ್ ಕೋರಿದರು. ಮೇಲಿನಿಂದ ಅನುಮತಿ ಬರುವಷ್ಟರಲ್ಲಿ ಅವು ಅಳಿದಿದ್ದವು.

ಮರುದಿನ ವೆಲ್ಡರ್ ಹೇಳಿಕೆಗೆ ಸಹಿ ಹಾಕಲು ಬಂದ. ಕಾರಣ ಕೇಳಿದ. ಇನ್‌ಸ್ಪೆಕ್ಟರ್ ಮುಚ್ಚಿಡದೆ ಹೇಳಿದರು.

"ಮಗು ಸಿಕ್ತಾ?"

"ಇಲ್ಲ."

ಅವನು ಹೇಳಿಕೆಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನು ಹಿಡಿದ.

"ಸಿಕ್ಕಿದ್ದಿದ್ರೆ ಅವನ ಮೇಲೆ ಸಿಟ್ಟಾದ್ರೂ ಮಾಡ್ಕೋಬಹುದಿತ್ತು," ಎಂದು ಸಹಿ ಹಾಕಿದ.