ಫಿಜಾ ಹಾರಿಸಿದ ಶಬ್ದ

“ಎಲ್ಲಿ ಇಳದಾ?” ಎಂದು ಕೇಳಿದಳು ಕರೆವ್ವಾಯಿ.

ಫಿಜಾ ಓದುವುದನ್ನು ನಿಲ್ಲಿಸಿದಳು. ಕಾದಂಬರಿಯ ಅಣ್ಣತಮ್ಮಂದಿರಲ್ಲಿ ತಮ್ಮನಾದವನು ದೊಡ್ಡ ಕಲ್ಲೊಂದನ್ನು ಸರಿಸಿ ಸರಸರ ಒಳಗೆ ಇಳಿದಿದ್ದ. ಇಳಿದವನು ಮೇಲೆ ಬಂದಿರಲಿಲ್ಲ. ಅವನು ಇಳಿದದ್ದು ಎಲ್ಲಿಗೆ ಎನ್ನುವುದು ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಆ ಶಬ್ದ ಫಿಜಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅದನ್ನು ಬಿಟ್ಟು ಮುಂದಕ್ಕೆ ಓದಿದ್ದಳು.

“ಬಾವ್ಯಾಗ, ಆಯಿ,” ಎಂದಳು.

ಶೇಂಗಾ ಸುಲಿಯುತ್ತಿದ್ದ ಕರೆವ್ವಾಯಿಯ ಕೈ ನಿಂತಿತು. ಮೊನ್ನೆ ಓದಿದ ಭಾಗದಲ್ಲಿ ಇದೇ ತಮ್ಮ ತುಂಬಿದ ಹೊಳೆಯನ್ನು ಈಜಿ ದಾಟಿದ್ದನಲ್ಲ, ಅಂಥವನು ಬಾವಿಯಲ್ಲಿ ಹೇಗೆ ಮುಳುಗಿದ ಎಂದು ಅವಳಿಗೆ ಅನುಮಾನ. ಫಿಜಾ ಒಂದು ಗಳಿಗೆ ಯೋಚಿಸಿ, ಅವನಿಗೆ ಆವತ್ತು ಜ್ವರ ಬಂದಿತ್ತು ಎಂದಳು. ಪುಸ್ತಕದಲ್ಲಿ ಜ್ವರದ ಸುಳಿವೇ ಇರಲಿಲ್ಲ. ಒಂದು ಸುಳ್ಳು ಹೇಳಿದವರಿಗೆ ಅದಕ್ಕೆ ಜೋಡಿಯಾಗಿ ಇನ್ನೊಂದು ಬೇಕೇ ಬೇಕು.

“ಹಂಗಾರ ಖರೆ,” ಎಂದಳು ಕರೆವ್ವಾಯಿ. “ಬುಕ್ಕಿನ್ಯಾಗ ಬರದದ್ದು ಸುಳ್ಳ ಇರತೈತೇನು?”

ಮತ್ತೆ ಶೇಂಗಾ ಸುಲಿಯತೊಡಗಿದಳು. ಫಿಜಾ ಬೇಗ ಬೇಗ ಮುಂದಿನ ಸಾಲಿಗೆ ಹೋದಳು.

ಇದೆಲ್ಲ ಶುರುವಾದದ್ದು ಭಾಗೀರಥಿ ಟೀಚರ್ ಅವರಿಂದ. ದಸರಾ ರಜೆ ಬಿಡುವ ಮುನ್ನ ಅವರು ಸಾಲೆಯ ಲೈಬ್ರರಿ ಕಪಾಟು ತೆರೆದು, ಐದನೆಯ ತರಗತಿಯ ಪ್ರತಿಯೊಬ್ಬರಿಗೂ ಒಂದೊಂದು ಪುಸ್ತಕ ಕೊಟ್ಟರು. ಅದನ್ನು ಮನೆಯಲ್ಲೋ ಓಣಿಯಲ್ಲೋ ಯಾರಾದರೂ ಹಿರಿಯರ ಮುಂದೆ ಕುಳಿತು ಗಟ್ಟಿಯಾಗಿ ಓದಬೇಕು. ರಜೆ ಮುಗಿದ ಮೇಲೆ ಬರುವ ಶನಿವಾರ ಆ ಹಿರಿಯರೇ ಸಾಲೆಗೆ ಬಂದು ಕತೆ ಹೇಳಬೇಕು. ಓದಿದವರು ಸುಮ್ಮನೆ ಕುಳಿತು ಕೇಳಬೇಕು. ಇದು ಟೀಚರ್ ಮಾಡಿದ ರೂಲು.

ಫಿಜಾಳ ಕ್ಲಾಸಿನ ಸಂಜು ಜಾಣ. ಚಿತ್ರ ಹೆಚ್ಚು, ಅಕ್ಷರ ಕಡಿಮೆ ಇರುವ ತೆಳ್ಳಗಿನ ಪುಸ್ತಕ ಆರಿಸಿಕೊಂಡ. ಫಿಜಾ ಎಲ್ಲಕ್ಕಿಂತ ದಪ್ಪ ಪುಸ್ತಕಕ್ಕೆ ಕೈ ಹಾಕಿದಳು. ಅದೊಂದು ಹಳೆಯ ಕಾದಂಬರಿ, ಅಜ್ಜಂದಿರ ಕಾಲದ್ದು. ರಟ್ಟು ಸವೆದಿತ್ತು, ಹಾಳೆ ಹಳದಿಯಾಗಿತ್ತು. ಇದು ದೊಡ್ಡವರ ಬುಕ್, ಶಬ್ದ ಕಠಿಣ ಇವೆ ಎಂದು ಟೀಚರ್ ಹೇಳಿಯೇ ಹೇಳಿದರು. ಆದರೆ ಅಷ್ಟು ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಮನೋಳಿಯ ಪೇಟೆಯಲ್ಲಿ ನಡೆಯುವ ಗತ್ತೇ ಬೇರೆ. ಫಿಜಾ ಅದನ್ನು ಬಿಡಲಿಲ್ಲ.

ಅವಳ ಮನೆಯಲ್ಲಿ ಕುಳಿತು ಕೇಳುವವರು ಯಾರೂ ಇರಲಿಲ್ಲ. ಅಬ್ಬಾ ಫಾರೂಕ್ ಟೆಂಪೋ ಓಡಿಸುತ್ತ ಕಿತ್ತೂರು, ಬೈಲಹೊಂಗಲ ಎಂದು ತಿರುಗುವವರು. ಅಮ್ಮಿ ಜೀನತ್ ಹಬ್ಬದ ಬಟ್ಟೆ ಹೊಲಿಯುತ್ತ ಮಷೀನು ಬಿಟ್ಟು ಏಳುವವರಲ್ಲ. ಅವರ ಕುಟುಂಬ ಕಿತ್ತೂರಿನಿಂದ ಮನೋಳಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಆದರೆ ಪಕ್ಕದ ಮನೆಯ ಕರೆವ್ವಾಯಿ ಮೊದಲ ದಿನವೇ ಫಿಜಾಳನ್ನು ಮೊಮ್ಮಗಳು ಮಾಡಿಕೊಂಡಿದ್ದಳು. ಪುಸ್ತಕ ತಂದಿದ್ದೇನೆ, ಓದಲಾ ಎಂದು ಕೇಳಿದ್ದೇ ತಡ, ಆಕೆ ಕಟ್ಟೆಯ ಮೇಲೆ ಕಂಬಳಿ ಹಾಸಿಯೇಬಿಟ್ಟಳು.

ಕರೆವ್ವಾಯಿಗೆ ಅಕ್ಷರ ಬಾರದು. ಕತೆಯೆಂದರೆ ಮಾತ್ರ ಪ್ರಾಣ. ದಿನವೂ ಸಂಜೆ ಗೋಡೆಯಾಚೆಯಿಂದ ಕರೆಯುತ್ತಿದ್ದಳು. ಶೇಂಗಾ, ಬೆಲ್ಲ ಇಟ್ಟುಕೊಂಡು ಕಾಯುತ್ತಿದ್ದಳು. ಫಿಜಾ ಓದತೊಡಗಿದರೆ ಶಬ್ದಗಳು ಬಿಸಿ ಹಂಚಿನ ಮೇಲಿನ ಅರಳಿನಂತೆ ಪಟಪಟ ಸಿಡಿಯುತ್ತಿದ್ದವು. ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆವ್ವಾಯಿ ನಿಲ್ಲಿಸಿ, ನಮ್ಮ ಫಿಜಾಗ ಬರಲಾರದ ಶಬ್ದನ ಇಲ್ಲ ಎಂದು ಹೇಳುತ್ತಿದ್ದಳು.

ತೊಂದರೆಯಾದದ್ದೇ ಅಲ್ಲಿ. ಆ ಕಾದಂಬರಿಯ ತುಂಬ ಹಳೆಯ ಕಾಲದ ಹೊಲ, ಮನೆ, ಕಣದ ಶಬ್ದಗಳು. ಅರ್ಧಕ್ಕರ್ಧ ಫಿಜಾಳಿಗೆ ಗೊತ್ತಿರಲಿಲ್ಲ. ಮೊದಮೊದಲು ಅಮ್ಮಿಯನ್ನು ಕೇಳಿದಳು, ಅಮ್ಮಿಗೂ ಗೊತ್ತಿರಲಿಲ್ಲ. ಕರೆವ್ವಾಯಿಯನ್ನೇ ಕೇಳಬಹುದಿತ್ತು. ಆದರೆ ತನ್ನನ್ನು ಓಣಿಗೆಲ್ಲ ಹೊಗಳಿಕೊಂಡು ಬಂದವಳ ಮುಂದೆ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಾಗಾಗಿ ಮಳೆಗಾಲದ ರಸ್ತೆಯಲ್ಲಿ ಕೆಸರು ದಾಟುವಂತೆ ಕಠಿಣ ಶಬ್ದ ಬಂದಲ್ಲೆಲ್ಲ ಹಾರಿ ಮುಂದೆ ಹೋದಳು. ಕರೆವ್ವಾಯಿ ಪ್ರಶ್ನೆ ಕೇಳಿದರೆ ತೋಚಿದ್ದನ್ನು ಹೇಳಿದಳು. ಹೀಗೆ ರಜೆ ಮುಗಿಯಿತು, ಪುಸ್ತಕವೂ ಮುಗಿಯಿತು.

ಶನಿವಾರ ಬೆಳಿಗ್ಗೆ ಕರೆವ್ವಾಯಿ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಸಿದ್ಧಳಾದಳು. ಓಟು ಹಾಕಲು ಬಿಟ್ಟರೆ ಬೇರೆ ಯಾವುದಕ್ಕೂ ಅವಳು ಆ ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಾದಿಯುದ್ದಕ್ಕೂ ಕತೆಯನ್ನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ನಡೆದಳು. ಬಾವಿಯ ಭಾಗ ಬಂದಾಗ ಫಿಜಾಳ ನಡಿಗೆ ನಿಧಾನವಾಯಿತು. ಈಗಲೇ ಹೇಳಿಬಿಡಬೇಕು ಅಂದುಕೊಂಡಳು. ಅಷ್ಟರಲ್ಲಿ ಸಾಲೆ ಬಂದೇ ಬಿಟ್ಟಿತು.

ಮೊದಲು ಸಂಜುನ ಮುತ್ತ್ಯಾ ಪರಪ್ಪ ಎದ್ದರು. ದಿನವೂ ಚಹಾದಂಗಡಿಯಲ್ಲಿ ಪೇಪರ್ ಓದಿ ಎಲ್ಲರಿಗೂ ಸುದ್ದಿ ಹೇಳುವವರು ಅವರು. ಮೊಮ್ಮಗನ ಚಿತ್ರದ ಪುಸ್ತಕದ ಕತೆಯನ್ನು ಮೀಸೆ ತಿರುವಿ ಮುಗಿಸುವಷ್ಟರಲ್ಲಿ ಮುಗಿಸಿದರು. ಆಮೇಲೆ ಕರೆವ್ವಾಯಿಯ ಸರದಿ.

ಅವಳು ಮೊದಲು ಕರಿಹಲಗೆಗೆ ಕೈ ಮುಗಿದಳು. ಕೆಲವರು ಕಿಸಕ್ಕನೆ ನಕ್ಕರು. ಕತೆ ಶುರುವಾದ ಮೇಲೆ ಯಾರೂ ನಗಲಿಲ್ಲ. ಒಂದೇ ಮನೆಯ ಅಣ್ಣ ತಮ್ಮ. ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟವರು. ವರ್ಷಗಟ್ಟಲೆ ಒಂದೇ ಅಂಗಳದಲ್ಲಿ ಓಡಾಡಿದರೂ ಒಬ್ಬರ ಮುಖ ಒಬ್ಬರು ನೋಡದವರು. ಕರೆವ್ವಾಯಿ ಅಣ್ಣನಾಗಿ ಗದರಿದಳು, ತಮ್ಮನಾಗಿ ಮುನಿದಳು. ಭಾಗೀರಥಿ ಟೀಚರ್ ಕೆನ್ನೆಗೆ ಕೈಯಿಟ್ಟು ಕೇಳುತ್ತಿದ್ದರು.

ಆಮೇಲೆ ತಮ್ಮ ಬಾವಿಗೆ ಇಳಿದ.

ಸಂಜು ಕೈ ಎತ್ತಿದ. ತುಂಬಿದ ಹೊಳೆ ಈಜಿದವನು ಬಾವಿಯಲ್ಲಿ ಹೇಗೆ ಮುಳುಗಿದ ಎಂದು ಕೇಳಿದ. ಅವನಿಗೆ ಜ್ವರ ಬಂದಿತ್ತು ಎಂದಳು ಕರೆವ್ವಾಯಿ. ಜ್ವರ ಬಂದವನು ಅಷ್ಟು ದೊಡ್ಡ ಕಲ್ಲನ್ನು ಒಬ್ಬನೇ ಹೇಗೆ ಸರಿಸಿದ, ಬಾವಿಗೆ ಕಲ್ಲು ಮುಚ್ಚಿದವರಾದರೂ ಯಾರು ಎಂದು ಪರಪ್ಪ ಮುತ್ತ್ಯಾ ನಗುತ್ತ ಕೇಳಿದರು. ಇಡೀ ಕ್ಲಾಸು ನಕ್ಕಿತು.

ಕರೆವ್ವಾಯಿ ಫಿಜಾಳ ಕಡೆಗೆ ತಿರುಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನದೆಯೇ ಫಿಜಾ ತಲೆ ತಗ್ಗಿಸಿಬಿಟ್ಟಿದ್ದಳು. ಮಕ್ಕಳು ಮೊಮ್ಮಕ್ಕಳ ಮುಖ ನೋಡುತ್ತಲೇ ಮುದುಕಿಯಾದವಳಿಗೆ ಅಷ್ಟು ಸಾಕಾಯಿತು.

“ನಂದ ತಪ್ಪರಿ ಅಕ್ಕೋರ,” ಎಂದಳು ಕರೆವ್ವಾಯಿ ಟೀಚರ್‌ಗೆ. “ಕೂಸು ಚಂದಾಗೇ ಓದಿತ್ತು. ನನಗ ವಯಸ್ಸಾತು ನೋಡ್ರಿ, ನೆನಪ ಉಳಿಲಿಲ್ಲ.”

ಸೆರಗು ಸರಿಮಾಡಿಕೊಂಡು, ಕತೆಯನ್ನು ಅಲ್ಲಿಗೇ ಬಿಟ್ಟು ಅವಳು ತನ್ನ ಜಾಗಕ್ಕೆ ನಡೆದಳು. ಅಷ್ಟು ಖುಷಿಯಿಂದ ಬಂದವಳು, ಈಗ ಯಾರನ್ನೂ ನೋಡದೆ ಬೆಂಚಿನ ತುದಿಗೆ ಕುಳಿತಳು. ಫಿಜಾಳಿಗೆ ತಡೆದುಕೊಳ್ಳಲಾಗಲಿಲ್ಲ. ಎದ್ದು ನಿಂತಳು.

“ಆಯಿ ಮರತಿಲ್ರಿ ಟೀಚರ್. ಆ ಶಬ್ದ ನನಗ ಗೊತ್ತಿದ್ದಿಲ್ಲ. ನಾನ ಹಾರಿಸಿ ಓದೇನಿ. ಬಾವಿ, ಜ್ವರ ಎಲ್ಲಾ ನಾ ಹೇಳಿದ್ದು.”

ಟೀಚರ್ ಬೈಯಲಿಲ್ಲ. ಆ ಪುಟ ತೆಗೆದು, ಹಾರಿಸದೆ, ನಿಧಾನವಾಗಿ ಓದು ಎಂದರು. ಫಿಜಾ ಹಾಳೆ ತಿರುವಿ ಹುಡುಕಿದಳು. ಕಣ್ಣು ಮಂಜಾಗಿದ್ದರಿಂದ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದಳು. ತಮ್ಮನು ಹಗೇವಿನ ಬಾಯಿಯ ಕಲ್ಲನ್ನು ಸರಿಸಿ ಒಳಗೆ ಇಳಿದನು ಎಂದಿತ್ತು.

“ಹಗೇವಿನ್ಯಾಗ ಇಳದಿದ್ನೇನು?” ಎಂದಳು ಕರೆವ್ವಾಯಿ. ಬೆಂಚಿನಿಂದ ಎದ್ದು, ಒದ್ದೆ ಬಟ್ಟೆ ಕಟ್ಟಿಕೊಂಡವರ ಹಾಗೆ ಸೆರಗನ್ನು ಮೂಗುಬಾಯಿಗೆ ಅಡ್ಡ ಹಿಡಿದು ತೋರಿಸಿದಳು. “ಅದಕ್ಕ ಅವರಣ್ಣ ಮಾರಿಗಿ ಒದ್ದಿ ಅರಬಿ ಕಟಗೊಂಡಾನ. ಬಾವ್ಯಾಗ ಇಳಿಯಾವ ಮಾರಿಗಿ ಯಾಕ ಅರಬಿ ಕಟಗೋತಾನ ಅಂತ ನನಗ ತಿಳಿದ ಇದ್ದಿಲ್ಲ.”

ಮತ್ತೆ ಮುಂದೆ ಹೋಗಿ ನಿಂತಳು. ಈ ಸಲ ಮಕ್ಕಳಿಗೆ ಮೊದಲು ಹಗೇವನ್ನೇ ತೋರಿಸಿದಳು. ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಇಷ್ಟೇ ಸಣ್ಣದು ಎಂದು ಎರಡೂ ತೋಳು ಬಳಸಿ ತೋರಿದಳು. ಒಳಗೆ ಒಂದು ಕೋಣೆಯಷ್ಟು ಜಾಗ. ಹುಲ್ಲು ಹಾಸಿ, ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಒಳಗಿನ ಗಾಳಿ ಕೆಟ್ಟು ವಿಷವಾಗುತ್ತದೆ. ಕಲ್ಲು ತೆಗೆದ ಕೂಡಲೇ ಯಾರೂ ಇಳಿಯಬಾರದು. ಹೊತ್ತುಗಟ್ಟಲೆ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡಬೇಕು. ಕಂದೀಲು ಆರಿತೋ, ಆ ದಿನ ಇಳಿಯುವ ಮಾತಿಲ್ಲ.

ಪರಪ್ಪ ಮುತ್ತ್ಯಾ ನಗು ನಿಲ್ಲಿಸಿ ತಲೆಯಾಡಿಸಿದರು. ತಮ್ಮ ಮನೆಯ ಪಡಸಾಲೆಯ ಕೆಳಗೂ ಒಂದಿತ್ತು, ಈಗ ಅದರ ಮೇಲೆ ಟೈಲ್ಸ್ ಹಾಕಿಸಿದ್ದೇವೆ ಎಂದರು. ಸಂಜು ಬಾಯಿ ತೆರೆದು ಮುತ್ತ್ಯಾನನ್ನು ನೋಡಿದ. ದಿನವೂ ಅದರ ಮೇಲೆಯೇ ಚಾಪೆ ಹಾಸಿ ಮಲಗುವವನು ಅವನು.

ಕತೆ ಮುಂದೆ ಸಾಗಿತು. ಮನೆಯಲ್ಲಿ ಮದುವೆ, ಬೀಗರು ಬಂದು ಕುಳಿತಿದ್ದಾರೆ, ಜೋಳ ಸಾಲದು. ಅವಸರದ ತಮ್ಮ ಕಂದೀಲು ಬಿಡದೆ ಇಳಿದುಬಿಟ್ಟ. ಮೇಲೆ ಅಣ್ಣ ನಿಂತಿದ್ದಾನೆ. ಇಳಿದರೆ ತಾನೂ ಬದುಕಿ ಬರುವುದು ಅನುಮಾನ ಎಂದು ಅವನಿಗೆ ಚೆನ್ನಾಗಿ ಗೊತ್ತು.

“ವರ್ಷಗಟ್ಲೆ ಮಾತಾಡಿಲ್ಲ, ಮಾರಿ ನೋಡಿಲ್ಲ,” ಎಂದಳು ಕರೆವ್ವಾಯಿ ಸಣ್ಣ ದನಿಯಲ್ಲಿ. “ಆದರೂ ನಡಕ್ಕ ಹಗ್ಗಾ ಕಟಗೊಂಡ ಇಳದಾ ನೋಡ್ರಿ.”

ಅಣ್ಣ ತಮ್ಮನನ್ನು ಹೊತ್ತು ಮೇಲೆ ತಂದ. ಇಬ್ಬರೂ ಅಂಗಳದಲ್ಲಿ ಅಂಗಾತ ಬಿದ್ದರು. ತಮ್ಮ ಕಣ್ಣು ತೆರೆದು ಅಣ್ಣಾ ಎಂದ. ಅಷ್ಟು ಹೇಳಿ ಕರೆವ್ವಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಟೀಚರ್ ಕೂಡ ಒರೆಸಿಕೊಂಡರು.

ಫಿಜಾ ಅಳುತ್ತಿದ್ದಳು. ಈ ಪುಟವನ್ನು ಅವಳೇ ತನ್ನ ಬಾಯಿಯಿಂದ ಓದಿದ್ದಳು, ಒಂದು ಕಡೆಯೂ ತಡವರಿಸಿರಲಿಲ್ಲ. ಆದರೆ ಆ ಅಣ್ಣ ಎಷ್ಟು ದೊಡ್ಡವನು ಎಂದು ಆವತ್ತು ಅವಳಿಗೆ ಗೊತ್ತೇ ಆಗಿರಲಿಲ್ಲ.

ಕತೆಗಳೆಲ್ಲ ಮುಗಿದ ಮೇಲೆ ಟೀಚರ್ ಪುಸ್ತಕಗಳನ್ನು ವಾಪಸು ತೆಗೆದುಕೊಳ್ಳತೊಡಗಿದರು. ಎಲ್ಲರೂ ಕೊಟ್ಟರು. ಫಿಜಾಳ ಬಳಿ ಬಂದಾಗ ಅವಳು ಕಾದಂಬರಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದಳು.

“ಇನ್ನೊಂದಿಷ್ಟ ದಿನಾ ನನ್ನ ಕಡೆ ಇರಲಿ ಟೀಚರ್. ನಾ ಇದನ್ನ ಇನ್ನೂ ಓದಿಲ್ರಿ.”

ಟೀಚರ್ ಅವಳ ಮುಖ ನೋಡಿದರು. ಏನೂ ಕೇಳದೆ, ಆಗಲಿ ಎಂದು ತಲೆ ಸವರಿ ಮುಂದಿನ ಬೆಂಚಿಗೆ ಹೋದರು.

ಮನೆಗೆ ಬರುವಾಗ ಅರ್ಧ ಹಾದಿಯವರೆಗೂ ಫಿಜಾ ಕರೆವ್ವಾಯಿಯ ಹಿಂದೆ ಹಿಂದೆಯೇ ನಡೆದಳು. ಕರೆವ್ವಾಯಿ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಫಿಜಾಳಿಗೆ ಅನಿಸುತ್ತಿತ್ತು. ಬೈಗುಳ ಬರುವ ಲಕ್ಷಣವೇ ಕಾಣದಿದ್ದಾಗ ಅವಳೇ ಕೇಳಿದಳು.

“ಆಯಿ, ನಿಂದ ತಪ್ಪ ಅಂತ ಯಾಕ ಹೇಳಿದಿ?”

ಕರೆವ್ವಾಯಿ ಹಾದಿಯ ಪಕ್ಕದ ಕಟ್ಟೆಯೊಂದರ ಮೇಲೆ ಕಾಲು ಚಾಚಿ ಕುಳಿತಳು.

“ಇಷ್ಟ ವಯಸ್ಸಾತು, ನನ್ನ ಮುಂದ ಕುಂತು ಒಂದ ಬುಕ್ ಓದಿದವರು ಯಾರೂ ಇಲ್ಲ. ನನ್ನ ಮಕ್ಕಳೂ ಓದಲಿಲ್ಲ. ನೀ ಆಟಾ ಬಿಟ್ಟ ದಿನಾ ಬಂದಿ. ನಿನ್ನ ಉಪಕಾರ ಐತಿ ನನ್ನ ಮ್ಯಾಲೆ. ಎಲ್ಲಾರ ಮುಂದ ನಿನ್ನ ನಗಿಗೀಡ ಮಾಡಲ್ಯಾ ಯವ್ವಾ?”

ಉಪಕಾರ ಫಿಜಾಳದು ಎನ್ನುತ್ತಾಳಲ್ಲ ಈ ಆಯಿ. ಶೇಂಗಾ ಕೊಟ್ಟವಳು ಆಕೆ, ಕಂಬಳಿ ಹಾಸಿ ಕಾದವಳು ಆಕೆ, ಫಿಜಾಳ ತಪ್ಪನ್ನು ತಲೆಯ ಮೇಲೆ ಹೊತ್ತವಳೂ ಆಕೆಯೇ. ಅವಳು ಕರೆವ್ವಾಯಿಗೆ ಒತ್ತಿಕೊಂಡು ಕುಳಿತಳು, ಕಾದಂಬರಿಯನ್ನು ತೊಡೆಯ ಮೇಲಿಟ್ಟು ಮೊದಲ ಪುಟ ತೆರೆದಳು.

ಗಟ್ಟಿಯಾಗಿ, ಆದರೆ ಈ ಸಲ ನಿಧಾನವಾಗಿ ಓದತೊಡಗಿದಳು. ಮೂರನೆಯ ಸಾಲಿನಲ್ಲೇ ಒಂದು ಶಬ್ದ ಅಡ್ಡ ಬಂತು. ಫಿಜಾ ಓದು ನಿಲ್ಲಿಸಿದಳು.

“ಆಯಿ, ಇದು ನನಗ ಗೊತ್ತಿಲ್ಲ.”

ಕರೆವ್ವಾಯಿ ಬಗ್ಗಿ, ಓದಲು ಬರುವವಳ ಹಾಗೆ ಪುಟ ನೋಡಿದಳು. ಏನಂತ ಬರೆದಿದ್ದಾರೆ ಎಂದು ಕೇಳಿದಳು.

“ಔ-ದಾ-ಸೀ-ನ್ಯ.”

ಕರೆವ್ವಾಯಿ ಅದನ್ನು ತಾನೂ ಒಮ್ಮೆ ಅಂದು ನೋಡಿದಳು. ನಾಲಿಗೆ ಎಲ್ಲೋ ಜಾರಿತು. ಇಬ್ಬರಿಗೂ ನಗು ಬಂತು.

“ಇದು ನನಗೂ ಗೊತ್ತಿಲ್ಲ ಬಿಡ,” ಎಂದಳು. “ನಡಿ, ಪರಪ್ಪನ್ನ ಕೇಳೂಣು. ದಿನಾ ಪೇಪರ್ ಓದತಾನ.”

ಇಬ್ಬರೂ ಎದ್ದು, ಬಂದ ಹಾದಿಯಲ್ಲೇ ತಿರುಗಿದರು. ಕರೆವ್ವಾಯಿ ಫಿಜಾಳ ಭುಜ ಹಿಡಿದು ನಡೆಯುತ್ತಿದ್ದಳು. ಫಿಜಾ ಪುಸ್ತಕವನ್ನು ಮುಚ್ಚಿದ್ದಳು, ಆ ಶಬ್ದ ತಪ್ಪಿಹೋಗದಂತೆ ಬೆರಳನ್ನು ಮಾತ್ರ ಆ ಪುಟದಲ್ಲೇ ಇಟ್ಟುಕೊಂಡಿದ್ದಳು.